ಬಡವರ ನ್ಯಾಯವೂ ನಾಡಿನ ನುಡಿಯೂ

ಜಯನಗರದ ಮನೆಗಳಲ್ಲಿ ಪಾತ್ರೆ ತೊಳೆದು ಬಾಳುವ ಹೆಂಗಸೊಬ್ಬಳ ಕೈಗೆ ಇಂಗ್ಲಿಷಿನಲ್ಲಿ ಬರೆದ ವಕೀಲರ ನೋಟೀಸೊಂದು ಬಂದಿತೆನ್ನೋಣ. ಅವಳು ಅದನ್ನು ಯಾರಿಗೆ ತೋರಿಸಬೇಕು? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳಿ ಬೆಳೆದವಳು ಆ ಕಾಗದವನ್ನು ಮಡಿಚಿಟ್ಟು ದೇವರ ಮೇಲೆ ಭಾರ ಹಾಕುವಳು.

ಆದರೆ ಅವಳಿಗೆ ಹಕ್ಕೊಂದು ಉಂಟು. ಬಡತನದ ದೆಸೆಯಿಂದ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರಲ್ಲಿ ಸಂವಿಧಾನಕ್ಕೆ 39-ಎ ವಿಧಿಯು ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಿಂದ ಜಾರಿಗೆ ಬಂದಿತು. ಅದರ 12ನೆಯ ಕಲಮಿನಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು ಮೊದಲಾದವರು, ಮೊಕದ್ದಮೆಯಲ್ಲಿ ಹುರುಳಿದ್ದ ಪಕ್ಷದಲ್ಲಿ, ತಮ್ಮ ಆದಾಯವೆಷ್ಟೇ ಇರಲಿ, ಧರ್ಮಾರ್ಥವಾಗಿ ವಕೀಲರನ್ನು ಪಡೆಯಬಹುದು. ಇದನ್ನು ನಡೆಸುವ ರಾಜ್ಯ ಪ್ರಾಧಿಕಾರದ ಕಚೇರಿಯಾದ ನ್ಯಾಯದೇಗುಲವು ಸಿದ್ದಯ್ಯ ರಸ್ತೆಯಲ್ಲಿದೆ; ಜಯನಗರ, ಬನಶಂಕರಿಗಳಿಂದ ಬಹುದೂರವೇನಲ್ಲ. ದೇಗುಲವು ಹತ್ತಿರವಿದ್ದರೂ ಭಕ್ತರಿಗೆ ದಾರಿ ತಿಳಿಯದಿರುವುದೇ ನಮ್ಮ ವ್ಯಸನ.

ವಕೀಲರು ದೊರೆತ ಮಾತ್ರಕ್ಕೆ ನ್ಯಾಯವು ದೊರೆತಂತಾಗದು. ಲೋಕ ಅದಾಲತ್ತನ್ನೇ ನೋಡಿರಿ. ಅಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕವು ಹಿಂದಿರುಗುವುದು, ಕಾಲವೂ ಉಳಿಯುವುದು, ಒಳ್ಳೆಯದೇ. ಆದರೆ 21ನೆಯ ಕಲಮಿನಂತೆ ಆ ತೀರ್ಪೇ ಕೊನೆಯದು. ಅದರ ಮೇಲೆ ಅಪೀಲಿಲ್ಲ. ತಿಳಿಯದ ನುಡಿಯಲ್ಲಿ ಬರೆದ ರಾಜಿಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳು ಏನನ್ನು ಕಳೆದುಕೊಂಡಳೆಂಬುದನ್ನು ಮನೆಗೆ ಹೋದಮೇಲೆ ಅರಿತರೆ ಫಲವೇನು?

ಕಾನೂನಿನ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡವು ಸಾಲದು ಎನ್ನುವವರುಂಟು. ಗ್ರಂಥಗಳು ಯಾವ ನುಡಿಯಲ್ಲಾದರೂ ಇರಲಿ; ಕಕ್ಷಿಗಾರಳ ಬಾಳನ್ನು ಕಟ್ಟಿಹಾಕುವ ಕಾಗದವು ಅವಳ ನುಡಿಯಲ್ಲಿರಬೇಕು. ಕೆಳಗಿನ ನ್ಯಾಯಾಲಯಗಳ ಭಾಷೆಯನ್ನು ಗೊತ್ತುಮಾಡುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಬೊಂಬಾಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಚದರಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಮೈಸೂರಿನವರೊಡನೆ ಒಂದಾದುದು ನಕಾಶೆಯ ಗೆರೆಗಾಗಿ ಅಲ್ಲ. ಆಡಳಿತವೂ ನ್ಯಾಯವೂ ಜನರ ನುಡಿಯಲ್ಲಿ ನಡೆಯಲೆಂದು. ಬಡವರಿಗೆ ಆ ಫಲವು ಮುಟ್ಟುವವರೆಗೆ ಏಕೀಕರಣವು ಮುಗಿಯಲಿಲ್ಲವೆಂದೇ ನಾವು ತಿಳಿಯುತ್ತೇವೆ.

ರಾಜಿಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ, ಕನ್ನಡದ ಪ್ರತಿಯನ್ನು ಕೈಗಿತ್ತಲ್ಲದೆ ರುಜು ಪಡೆಯಕೂಡದು. ಇದು ಪ್ರಾಧಿಕಾರದವರಲ್ಲಿ ನಮ್ಮ ಬಿನ್ನಹ. ವಕೀಲ ಬಂಧುಗಳೂ ತಮ್ಮ ನೋಟೀಸುಗಳನ್ನು ಕನ್ನಡದಲ್ಲಿ ಬರೆಯಲಿ. ಉಪಾಧ್ಯಾಯ ಮಹಾಶಯರೇ, ಕಾನೂನು ನೆರವಿನ ದೂರವಾಣಿಯ 15100 ಎಂಬ ಅಂಕೆಯನ್ನು ನಿಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿಸಿರಿ. ಓದಬಲ್ಲ ಮಗುವು ಓದಲಾರದ ತಾಯಿಗೆ ಅದನ್ನು ತಿಳಿಸಲಿ.