ಒಂದು ಸಂಜೆ ಕೊಡಿ

ನಮ್ಮೂರಿನ ಹೆಂಗಸರು ನಾಟಕ ಆಡಿದರೆ ಜನ ಹೇಳುವ ಮಾತೊಂದಿದೆ: 'ಹೆಂಗಸರಾಗಿ ಇಷ್ಟು ಮಾಡಿದ್ದೇ ಹೆಚ್ಚು.' ಇದನ್ನು ಮೆಚ್ಚುಗೆಯೆಂದು ಸೆರಗಿಗೆ ಕಟ್ಟಿಕೊಂಡು ಮನೆಗೆ ಬರುವ ಗೆಳತಿಯರ ಮೇಲೆ ನನ್ನದೊಂದು ತಕರಾರಿದೆ.

ನಾಟಕದ ಹಿಂದಿನ ದಿನದ ಗ್ರ್ಯಾಂಡ್ ರಿಹರ್ಸಲ್ ಎಂದರೆ ಮತ್ತೊಮ್ಮೆ ಮಾತು ಒಪ್ಪಿಸುವುದಲ್ಲ. ವೇಷ, ಬಣ್ಣ, ದೀಪ, ಸಂಗೀತ, ಪರದೆ ಎಲ್ಲವನ್ನೂ ಸೇರಿಸಿ, ಎದುರಿಗೆ ಜನ ಕೂತಿದ್ದಾರೆಂದೇ ಭಾವಿಸಿ, ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಆಡುವುದು. ಮಾತು ಮರೆತರೆ ಹೇಗೋ ದಾಟಿಕೊಂಡು ಮುಂದೆ ಹೋಗಬೇಕು. ಎರಡನೆಯ ಅಂಕದ ರಾಣಿ ಮೂರನೆಯ ಅಂಕಕ್ಕೆ ಬಿಳಿ ಸೀರೆಯಲ್ಲಿ ಬರಲು ಎಷ್ಟು ನಿಮಿಷ ಬೇಕು, ಸೈನಿಕನ ಕಚ್ಚೆ ಎಲ್ಲಿ ಸಡಿಲವಾಗುತ್ತದೆ, ಬೆಳಕು ಎಲ್ಲಿ ಬೀಳುತ್ತದೆ, ಇವೆಲ್ಲ ಆ ದಿನವಲ್ಲದೆ ತಿಳಿಯುವುದಿಲ್ಲ.

ನಮಗೆ ಸಿಗದಿರುವುದು ಆ ದಿನವೇ. ಕಳೆದ ಸಲ ನಮ್ಮ ರಿಹರ್ಸಲ್ ಆರು ಗಂಟೆಗೆಂದು ಗೊತ್ತಾಗಿತ್ತು. ಎಲ್ಲರೂ ಸೇರಿದ್ದು ಆರೂಮುಕ್ಕಾಲಿಗೆ. ಏಳೂವರೆಗೆ ಒಬ್ಬರ ಮಗ ಬಾಗಿಲಲ್ಲಿ ನಿಂತ: 'ಅಮ್ಮಾ, ಅಪ್ಪ ಬಂದಿದ್ದಾರೆ.' ಎಂಟಕ್ಕೆ ಇನ್ನೊಬ್ಬರ ಅತ್ತೆಯ ಫೋನು. 'ನಾಳೆ ಹೇಗೋ ಆಗುತ್ತೆ ಬಿಡಿ' ಎನ್ನುವಲ್ಲಿಗೆ ಮೂರನೆಯ ಅಂಕ ಮುಗಿಯಿತು. ಮರುದಿನ ಆಗಲಿಲ್ಲ. ರಾಣಿ ಸೀರೆ ಬದಲಿಸಿ ಬರುವವರೆಗೆ ರಂಗ ಖಾಲಿ ಬಿದ್ದಿತ್ತು. ಜನ ಕನಿಕರದಿಂದ ಚಪ್ಪಾಳೆ ತಟ್ಟಿದರು.

ಗಂಡಸರನ್ನಷ್ಟೇ ದೂರುತ್ತಿಲ್ಲ. ಅಂದು ಮೊದಲು ಬಣ್ಣ ಒರೆಸಿಕೊಂಡು ಎದ್ದವಳು ನಾನೇ. ನಮ್ಮನೆಯವರು ಕರೆದಿರಲೂ ಇಲ್ಲ. ಮಾಡಿಟ್ಟು ಬಂದಿದ್ದ ಸಾರನ್ನು ಬಿಸಿ ಮಾಡಿ ಬಡಿಸಲು ಓಡಿದೆ. ಮಕ್ಕಳಿಗೆ ಮೂವತ್ತು ವರ್ಷ 'ಪೂರ್ತಿ ಓದಿಕೊಂಡು ಪರೀಕ್ಷೆಗೆ ಬನ್ನಿ' ಎಂದು ಹೇಳಿದ ಮೇಷ್ಟ್ರಮ್ಮ ನಾನು!

'ಹವ್ಯಾಸಕ್ಕೆ ಇಷ್ಟೆಲ್ಲ ಯಾಕೆ?' ಎನ್ನುತ್ತಾರೆ. ಊರ ಗಂಡಸರ ನಾಟಕವೂ ಹವ್ಯಾಸವೇ. ಅವರ ರಿಹರ್ಸಲ್ ರಾತ್ರಿ ಹನ್ನೊಂದಕ್ಕೆ ಮುಗಿದರೂ ಮನೆಯಲ್ಲಿ ಊಟ ಮುಚ್ಚಿಟ್ಟಿರುತ್ತದೆ. ಮುಚ್ಚಿಟ್ಟವರು ನಾವು.

1958ರಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಗಂಡು ಪಾತ್ರಗಳೂ ಹೆಂಗಸರವೇ. ಸ್ವತಃ ಅವರೇ ರಾವಣರಾದರು, ಕಂಸರಾದರು. ಕನಿಕರಪಟ್ಟು ಯಾರೂ ದಿನಾ ಟಿಕೀಟು ಕೊಳ್ಳುವುದಿಲ್ಲ. ಕಂಸ ಕಂಸನಂತೆಯೇ ಗರ್ಜಿಸಬೇಕು. ಅದು ಅವರ ಅನ್ನದ ಕೆಲಸವಾಗಿತ್ತು, ನಿಜ. ಆದರೆ ಅನ್ನ ಹುಟ್ಟದ ಕೆಲಸವನ್ನು ಅರ್ಧಂಬರ್ಧ ಮಾಡಬೇಕೆಂದು ಯಾರು ಹೇಳಿದರು?

ನಾನು ಕೇಳುವುದು ವರ್ಷಕ್ಕೊಂದು ಸಂಜೆ. ಅಂದು ಮನೆಯವರು ತಾವೇ ಬಡಿಸಿಕೊಳ್ಳಲಿ. ಸಾರು ತಣ್ಣಗಿದ್ದರೆ ತಣ್ಣಗೇ ಉಣ್ಣಲಿ. ಕೊನೆಯ ಪರದೆ ಬೀಳುವವರೆಗೆ ನಾವೂ ಕದಲಬಾರದು, ನಾನು ಮೊದಲು. ಆಮೇಲೂ ನಾಟಕ ಕೆಟ್ಟರೆ ಧಾರಾಳವಾಗಿ ಬಯ್ಯಿರಿ. ಆ ಕನಿಕರದ ಚಪ್ಪಾಳೆಗಿಂತ ಅದೇ ನಮಗೆ ಮರ್ಯಾದೆ.