ಜಗಲಿಯ ತೂಗುಬುಟ್ಟಿಗೆ ಯಾವ ಗಿಡ?

ಮಳೆ ಹಿಂದೆ ಸರಿಯಿತೆಂದರೆ ನಮ್ಮ ಕಾಫಿ ಸೀಮೆಯ ಮನೆಗಳಲ್ಲಿ ಜಗಲಿಗೆ ಜೀವ ಬರುತ್ತದೆ. ಜೂನ್‌ನಲ್ಲಿ ಒಳಗೆ ಸೇರಿದ್ದ ಬೆಂಚು ಹೊರಗೆ ಬರುತ್ತದೆ. ಪಾಚಿ ಕಟ್ಟಿದ ಮೆಟ್ಟಿಲನ್ನು ಯಾರಾದರೂ ಉಜ್ಜುತ್ತಾರೆ. ದಸರಾ ರಜೆಯ ಮಕ್ಕಳಿಗೆ ಕೈಗೆ ಏನಾದರೂ ಕೆಲಸ ಬೇಕು; ಆಗ ಹುಟ್ಟುವುದೇ ತೂಗುಬುಟ್ಟಿಯ ಆಸೆ. ಪೇಟೆಯ ನರ್ಸರಿಯಿಂದ ನಾಲ್ಕು ಗಿಡ ತಂದು ಜಂತೆಗೆ ನೇತುಹಾಕುತ್ತೇವೆ. ದೀಪಾವಳಿಗೆ ಬಂದ ನೆಂಟರು ಹೊಗಳುತ್ತಾರೆ. ಫೆಬ್ರವರಿ ಹೊತ್ತಿಗೆ ಬುಟ್ಟಿಯಲ್ಲಿ ಉಳಿಯುವುದು ಒಣಗಿದ ಕಡ್ಡಿ, ಹಕ್ಕಿ ಎಳೆದು ಬಿಟ್ಟ ತೆಂಗಿನ ನಾರು.

ತಪ್ಪು ನೀರು ಹಾಕದ ಮಗುವಿನದಲ್ಲ, ಗಿಡ ಆರಿಸಿದವರದು. ಅಕ್ಟೋಬರ್‌ನಲ್ಲಿ ಕಳಸದ ಕಡೆ ಕಲ್ಲಿನ ಮೇಲೂ ಗಿಡ ಹುಟ್ಟುತ್ತದೆ. ಆ ಹಸಿರನ್ನು ನೋಡಿ ಮೋಸಹೋಗುತ್ತೇವೆ. ಬುಟ್ಟಿ ಬದುಕಿ ದಾಟಬೇಕಾದದ್ದು ಮುಂದಿನ ಹೂಮಳೆಯವರೆಗಿನ ಒಣ ತಿಂಗಳುಗಳನ್ನು. ನೆಲದ ಮೇಲಿನ ಕುಂಡಕ್ಕಿಂತ ತೂಗುವ ಬುಟ್ಟಿ ಬಲುಬೇಗ ಒಣಗುತ್ತದೆ. ಅದಕ್ಕೆ ಗಾಳಿ ಸುತ್ತಲಿಂದಲೂ, ಅಡಿಯಿಂದಲೂ ಹೊಡೆಯುತ್ತದೆ. ಗಿಡದ ಮಟ್ಟಿಗೆ ಬುಟ್ಟಿಯೆಂದರೆ ನೆಲವಲ್ಲ, ಮರದ ಕೊಂಬೆ. ಹಾಗಾಗಿ ಕೊಂಬೆಯ ಬಾಳನ್ನು ತಾಳಿಕೊಳ್ಳಬಲ್ಲ ಗಿಡವನ್ನೇ ಹುಡುಕಬೇಕು.

ಹೂವಿನ ಆಸೆಗೆ ಪೆಟೂನಿಯಾ, ವರ್ಬೀನಾ ಹಾಕಬಹುದು. ಆದರೆ ಮೂಡಿಗೆರೆ, ಕಳಸದವರು ದೀಪಾವಳಿ ಕಳೆಯುವವರೆಗೆ ಕಾಯಿರಿ. ತಡವಾಗಿ ಬರುವ ಮಳೆಗೆ ಪೆಟೂನಿಯಾದ ಹೂ ಒದ್ದೆ ಕಾಗದದಂತೆ ಜೋತುಬೀಳುತ್ತದೆ. ಗಿರಿಯ ತಂಪಿನಲ್ಲಿರುವವರಿಗೆ ಫ್ಯೂಷಿಯಾ, ಬಿಗೋನಿಯಾ ಒಗ್ಗುತ್ತವೆ. ಕಡೂರಿನ ಕಡೆ ಇಳಿದರೆ ಅವೆರಡೂ ಬೇಡ. ಅಲ್ಲಿನ ಬಿಸಿಲಿಗೆ ಟೇಬಲ್ ರೋಸ್ ಸಾಕು. ನೀರು ಮರೆಯುವ ಮನೆಗೆ ಸ್ಪೈಡರ್ ಗಿಡ ಒಳ್ಳೆಯದು. ಅದರ ದಪ್ಪ ಬೇರುಗಳಲ್ಲಿ ನೀರು ಕೂಡಿಟ್ಟಿರುತ್ತದೆ. ಲಿಪ್‌ಸ್ಟಿಕ್ ಗಿಡವೆಂದು ದುಡ್ಡು ಕೊಟ್ಟು ತರುತ್ತೀರಲ್ಲ, ಅದರ ಸೋದರಸಂಬಂಧಿಯೊಂದು ಪಶ್ಚಿಮ ಘಟ್ಟದ ಮರಗಳ ಮೇಲೆ ತಾನಾಗಿಯೇ ಕೆಂಪು ಹೂ ಬಿಡುತ್ತದೆ.

ಇಷ್ಟು ಹೇಳಿದ ಮೇಲೆ ಸೀತಾಳೆ ದಂಡೆಯ ಮಾತಿಗೆ ಬರಲೇಬೇಕು. ಮೇ-ಜೂನ್‌ನಲ್ಲಿ ಹಲಸು, ಅತ್ತಿ, ನಂದಿ ಮರಗಳ ಕೊಂಬೆಯಿಂದ ನಸುಗೆಂಪು ಚುಕ್ಕೆಯ ಬಿಳಿ ಹೂಗಳ ಗೊಂಚಲು ನರಿಯ ಬಾಲದಂತೆ ಇಳಿಬಿದ್ದಿರುವುದನ್ನು ನೋಡದ ಮಲೆನಾಡಿನ ಮಗು ಇರಲಾರದು. ದೂರದ ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು. ಅಲ್ಲಿಯ ಹುಡುಗಿಯರು ಬಿಹು ಹಬ್ಬದಲ್ಲಿ ಇದನ್ನು ಮುಡಿಯುತ್ತಾರೆ. ತೂಗುಬುಟ್ಟಿಗೆ ಇದಕ್ಕಿಂತ ಹೊಂದುವ ಗಿಡ ಇನ್ನೊಂದಿಲ್ಲ, ಇದು ಹುಟ್ಟಿದಂದಿನಿಂದ ತೂಗಿಕೊಂಡೇ ಬೆಳೆದದ್ದು. ಹಲವರು ಇದನ್ನು ಬಂದಳಿಕೆಯ ಜಾತಿಗೆ ಸೇರಿಸಿ ಮರಕ್ಕೆ ಕೇಡೆಂದು ಕಿತ್ತೆಸೆಯುತ್ತಾರೆ. ಅದು ಸುಳ್ಳು. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಇದು ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಬೇರಿನ ಸುತ್ತ ಬೆಳ್ಳಗೆ ಕಾಣುವ ಸ್ಪಂಜಿನಂಥ ಪದರ ಮಳೆಯನ್ನೂ ಮಂಜಿನ ಹನಿಯನ್ನೂ ಹೀರಿಕೊಳ್ಳುತ್ತದೆ.

ನಾನು ಏಳನೇ ತರಗತಿಯಲ್ಲಿದ್ದಾಗ ಶಾಲೆಯ ವಸ್ತುಪ್ರದರ್ಶನಕ್ಕೆಂದು ಹಳ್ಳದಾಚೆಯ ಮರವೊಂದರಿಂದ ಎರಡು ದಂಡೆ ಗಿಡ ಕಿತ್ತಿದ್ದೆ. ಬೇರು ಬಿಡಲೊಲ್ಲದು, ಕತ್ತಿಯಿಂದ ಎಬ್ಬಿದೆ. ಅವನ್ನು ಡಾಲ್ಡಾ ಡಬ್ಬಿಗೆ ಮಣ್ಣು ತುಂಬಿ ನೆಟ್ಟೆ. ಮೊದಲ ಬಹುಮಾನ ಬಂತು. ಒಂದು ತಿಂಗಳೊಳಗೆ ಎರಡೂ ಕೊಳೆತವು. ಅಪ್ಪ ಬೈಯಲಿಲ್ಲ, ಮರುವರ್ಷ ಜೂನ್‌ನಲ್ಲಿ ಆ ಮರದಡಿಗೆ ಕರೆದೊಯ್ದು ಬೋಳು ಕೊಂಬೆ ತೋರಿಸಿದರು. ಆ ಕೊಂಬೆಯಲ್ಲಿ ಮತ್ತೆ ದಂಡೆ ಬಂದದ್ದನ್ನು ನಾನು ನೋಡಲಿಲ್ಲ.

ಬಾರದಿದ್ದುದಕ್ಕೆ ಕಾರಣ ಆಮೇಲೆ ತಿಳಿಯಿತು. ಈ ಗಿಡದ ಬೀಜ ಧೂಳಿನಷ್ಟು ಸಣ್ಣದು. ಭತ್ತ, ಅವರೆಯ ಬೀಜದಲ್ಲಿರುವಂತೆ ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿಲ್ಲ. ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳೆಯುತ್ತದೆ. ಒಂದು ಕಾಯಲ್ಲಿ ಸಾವಿರಾರು ಬೀಜವಿದ್ದರೂ ಗಿಡವಾಗುವುದು ಎಲ್ಲೋ ಒಂದೆರಡು, ಅದಕ್ಕೂ ವರ್ಷಗಳು ಬೇಕು. ಕಾನೂನೂ ಇದೆ: ಕಳಸದ ಪಕ್ಕದ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಥಲ್ಲಿಂದ ಒಂದು ಗಿಡ ಕೀಳುವುದೂ ಅಪರಾಧ. ರಸ್ತೆ ಬದಿಯಲ್ಲಿ ಯಾರೋ ಮಾರುತ್ತಾರೆಂದು ಕೊಂಡರೂ ಕಿತ್ತವರ ಜತೆ ನಾವೂ ಸೇರಿದಂತೆಯೇ.

ಹಾಗಾದರೆ ಆಸೆ ಬಿಡಬೇಕೆ? ಬೇಕಿಲ್ಲ. ಮಳೆಗಾಲದ ಗಾಳಿಗೆ ತೋಟಗಳಲ್ಲಿ ಎಷ್ಟು ಕೊಂಬೆ ಮುರಿದು ಬೀಳುತ್ತವೆ! ಮಳೆಗೆ ಮುಂಚಿನ ಮರಗಸಿಯಲ್ಲಿ ಕಡಿದು ಹಾಕಿದವು ಬೇರೆ. ಅವುಗಳ ಮೇಲಿನ ದಂಡೆ, ಜರಿಗಿಡಗಳು ಕಾಫಿ ಗಿಡದಡಿ ಕೊಳೆಯುತ್ತವೆ, ಇಲ್ಲವೆ ಸೌದೆಯ ಜತೆ ಬಚ್ಚಲೊಲೆ ಸೇರುತ್ತವೆ. ಈ ರಜೆಯಲ್ಲಿ ನಿಮ್ಮ ತೋಟದಲ್ಲೋ, ಕೇಳಿಕೊಂಡು ಪರಿಚಯದವರ ತೋಟದಲ್ಲೋ ಒಂದು ಸುತ್ತು ಹಾಕಿ. ಜತೆಗೆ ದೊಡ್ಡವರಿರಲಿ. ಬಿದ್ದ ಕೊಂಬೆಯಲ್ಲಿ ಜೀವವಿರುವ ಗಿಡ ಕಂಡರೆ ನನ್ನ ಹಾಗೆ ಎಬ್ಬಬೇಡಿ. ಆ ಭಾಗದ ಕೊಂಬೆಯನ್ನೇ ಒಂದೂವರೆ ಅಡಿ ಉದ್ದಕ್ಕೆ ಗರಗಸದಿಂದ ಕೊಯ್ದು ತನ್ನಿ. ಎರಡು ತುದಿಗೂ ತಂತಿ ಕಟ್ಟಿ, ಬೆಳಗಿನ ಎಳೆಬಿಸಿಲು ಬೀಳುವ ಕಡೆ ತೂಗುಹಾಕಿ. ಕೊಂಬೆಯೇ ಬುಟ್ಟಿ. ಬೇರು ಬಿಟ್ಟು ಬಂದ ಗಿಡವಾದರೆ ತಂತಿಬುಟ್ಟಿಯಲ್ಲಿ ಇದ್ದಿಲು, ಹಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು ಹಾಕಿ ಕೂರಿಸಿ. ಮಣ್ಣು ಒಂದು ಚಮಚವೂ ಬೇಡ. ಬುಟ್ಟಿಯ ಒಳಮೈಗೆಂದು ಮರದ ಪಾಚಿ ಕೆರೆದು ತರುವುದೂ ಬೇಡ, ಅಡಿಕೆ ಹಾಳೆಗೆ ತೂತು ಹೊಡೆದು ಹಾಸಿದರೆ ಆಯಿತು. ಮನೆಗೆ ಹೆಚ್ಚಾದ ಗಿಡಗಳನ್ನು ತೋಟದ ಹಾಲುವಾಣಕ್ಕೋ ಹಲಸಿಗೋ ಬಾಳೆನಾರಿನಿಂದ ಬಿಗಿದು ಬನ್ನಿ.

ಬುಟ್ಟಿಯನ್ನು ರೀಪಿಗೆ ಕಟ್ಟಬೇಡಿ. ನೀರುಂಡ ಬುಟ್ಟಿಯ ಭಾರಕ್ಕೆ ಹೆಂಚು ಸಮೇತ ಕೆಳಗಿಳಿಯುತ್ತದೆ. ಅಡಿಗೆ ತಟ್ಟೆ ಇಟ್ಟು ನೀರು ನಿಲ್ಲಿಸಲೂ ಬೇಡ, ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಮಣ್ಣಿನ ಬುಟ್ಟಿಯಾದರೆ ಚೊಂಬಿನಿಂದ ಹೊಯ್ಯುವ ಬದಲು ಇಳಿಸಿ ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ದಂಡೆಗೆ ಬೆಳಿಗ್ಗೆ ನೀರು ಚಿಮುಕಿಸಿದರಾಯಿತು.

ಪಾಲಕರಿಗೆ ಒಂದು ಮಾತು. ಬಿಸಿಲೇರುವ ಮಾರ್ಚ್ ತಿಂಗಳೇ ಮಕ್ಕಳ ಪರೀಕ್ಷೆಯ ತಿಂಗಳೂ ಹೌದು. ಆಗ ಆ ಚಿಮುಕಿಸುವ ಕೆಲಸ ನಿಮ್ಮದು. ತಂದ ಕೊಂಬೆಯ ಮೇಲೆ ಡೆಂಡ್ರೋಬಿಯಂ ಇದ್ದರೆ ಇನ್ನೂ ಎಚ್ಚರ: ಆ ಜಾತಿಯ ಕೆಲವು ಗಿಡಗಳು ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ಕಡ್ಡಿಯಂತಾಗುತ್ತವೆ. ಸತ್ತಿತೆಂದು ಒಲೆಗೆ ಹಾಕಬೇಡಿ. ಹೂ ಬರುವುದು ಆ ಬೋಳು ಕಡ್ಡಿಯಲ್ಲೇ.