ಎದುರು ಕೂತು ಉಂಡ ಊಟ

ಗೆಳತಿಯರೇ, ಗಂಡನ ಎದುರು ಕೂತು ನೀವು ಬಿಸಿ ರೊಟ್ಟಿ ಉಂಡದ್ದು ಯಾವಾಗ? ನನಗಂತೂ ನೆನಪಿಲ್ಲ. ಇಪ್ಪತ್ತೆರಡು ವರ್ಷದಿಂದ ಎಲ್ಲರದೂ ಆದ ಮೇಲೆ ಆರಿದ ರೊಟ್ಟಿಯೇ ನನ್ನ ಪಾಲು.

ಹೋದ ತಿಂಗಳ ಒಂದು ಶನಿವಾರ ಮಗಳು, "ಅವ್ವಾ, ಆಯಿಗಿ ನಾ ನೋಡ್ಕೋತೀನಿ, ನೀವಿಬ್ರೂ ಒಂದು ರಾತ್ರಿ ಇದ್ದೇ ಬರ್ರಿ" ಎಂದು ನಮ್ಮನ್ನು ಹೊರಡಿಸಿಯೇ ಬಿಟ್ಟಳು. ಕಮಲಾಪುರದಿಂದ ಕಲಬುರಗಿ ಏನು ದೂರ? 2017ರಿಂದ ರೈಲೂ ಇದೆ. ಆದರೂ ಆಸ್ಪತ್ರೆ, ಸೀರೆ ಖರೀದಿ ಬಿಟ್ಟು ಬರಿದೇ ತಿರುಗಾಡಲು ಹೋದವಳೇ ಅಲ್ಲ ನಾನು. ಕೋಟೆಯೊಳಗೆ 1367ರ ಜಾಮಿ ಮಸೀದಿ ನೋಡಿದೆವು. ಸಂಜೆ ಶರಣಬಸವೇಶ್ವರರ ಗುಡಿಗೆ ಹೋಗಿ, ಅಪ್ಪನ ಕೆರೆಯ ದಂಡೆಯಲ್ಲಿ ಕೂತೆವು.

ರಾತ್ರಿ ಒಂದು ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇವರ ತಾಟಿನಲ್ಲಿ ಪಲ್ಯ ಮುಗಿದದ್ದೇ ತಡ, ನಾನು ಎದ್ದು ನಿಂತೆ! "ಏ ಕೂಡು, ಇಲ್ಲಿ ಬಡಸವ್ರು ಬ್ಯಾರೆ ಅದಾರ" ಎಂದು ನಕ್ಕರು. ತುಸು ಹೊತ್ತು ಬಿಟ್ಟು, "ನಿನಗ ಮೊಸರು ಇಷ್ಟು ಸೇರ್ತದಂತ ನನಗ ಗೊತ್ತೇ ಇರ್ಲಿಲ್ಲ ನೋಡು" ಎಂದರು. ನನ್ನ ಕಣ್ಣು ತುಂಬಿದವು. ಗೊತ್ತಾಗುವುದಾದರೂ ಹೇಗೆ? ನಾನು ಉಣ್ಣುವುದನ್ನು ಅವರು ನೋಡಿದ್ದರೆ ತಾನೇ! ಕಡೆಗೆ ಊರಿನಿಂದ ಒಯ್ದಿದ್ದ ಕೆಂಪು ಬಾಳೆಹಣ್ಣು ಹಂಚಿಕೊಂಡು ತಿಂದೆವು.

ತಪ್ಪು ಅವರೊಬ್ಬರದೇ ಅಲ್ಲ. "ನಂದೂ ಒಂದು ತಾಟು ಇಡ್ರಿ" ಎಂದು ನಾನೂ ಅಂದವಳಲ್ಲ. ಈಗ ಭಾನುವಾರ ರಾತ್ರಿ ರೊಟ್ಟಿಯನ್ನೆಲ್ಲ ಮೊದಲೇ ಬಡಿದು, ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಎಲ್ಲರೂ ಒಟ್ಟಿಗೇ ಕೂಡುತ್ತೇವೆ. ಮೊಸರಿನ ಗಡಿಗೆಯನ್ನು ಇವರೇ ನನ್ನ ಕಡೆ ಸರಿಸುತ್ತಾರೆ. ನೀವೂ ಈ ವಾರ ಮಾಡಿ ನೋಡಿ.